ಕುದುರೆ ನಡೆ: ಬಗ್ದಾದಿನಿಂದ ಮೈಸೂರಿಗೆ

ಪರೀಕ್ಷೆ ಹತ್ತಿರವಿರುವಾಗ ಮಕ್ಕಳು ಚದುರಂಗದ ಮುಂದೆ ಕುಳಿತರೆ ನಾವು ಗದರುತ್ತೇವೆ. ಗದರುವ ಮುನ್ನ ಆ ಆಟದ ಒಂದು ಪ್ರಶ್ನೆಯ ಚರಿತ್ರೆಯನ್ನು ನೋಡೋಣ.

ಕುದುರೆ ನೇರಕ್ಕೆ ಎರಡು ಮನೆ, ಪಕ್ಕಕ್ಕೆ ಒಂದು ಮನೆ ಹಾರುತ್ತದೆ. ಯಾವ ಮನೆಗೂ ಎರಡನೇ ಸಲ ಹೋಗದೆ ಅದು 64 ಮನೆಗಳನ್ನೂ ಮುಟ್ಟಬಲ್ಲದೇ? ಒಂಬತ್ತನೇ ಶತಮಾನದಲ್ಲಿ, ಬಗ್ದಾದಿನ ಅಬ್ಬಾಸಿ ಖಲೀಫರ ಕಾಲದಲ್ಲಿ, ಹೆಸರಾಂತ ಆಟಗಾರ ಅಲ್-ಅದ್ಲಿ ಇಂತಹ ಸುತ್ತನ್ನು ತೋರಿಸಿದ್ದರು. ಅದೇ ಶತಮಾನದಲ್ಲಿ ಕಾಶ್ಮೀರದ ರುದ್ರಟ ಕುದುರೆ ನಡೆಯ ಕ್ರಮದಲ್ಲಿ ಓದಬಹುದಾದ ಪದ್ಯವನ್ನೇ ಹೆಣೆದರು. 1759ರಲ್ಲಿ ಗಣಿತಜ್ಞ ಆಯ್ಲರ್ ಇದರ ಅಧ್ಯಯನಕ್ಕಿಳಿದರು.

ನಮ್ಮ ನಾಡಿನಲ್ಲಿ ಇದನ್ನು ಕೈಗೆತ್ತಿಕೊಂಡವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ ಅವರ ಆಸಕ್ತಿ ವಿದ್ಯೆ, ಕಲೆ, ಆಟಗಳ ಕಡೆ ಹರಿಯಿತು. ಕುದುರೆ ಹೋದ ಮನೆಗಳಿಗೆ 1ರಿಂದ 64ರ ತನಕ ಅಂಕೆ ಹಾಕಿದರೆ, ಪ್ರತಿಯೊಂದು ಅಡ್ಡಸಾಲು ಮತ್ತು ಕಂಬಸಾಲಿನ ಮೊತ್ತ 260 ಬರುವಂತಹ ಸುತ್ತನ್ನು ಅವರು ರಚಿಸಿದರು. ಯಾಕೆ 260? ಒಂದರಿಂದ 64ರ ತನಕ ಕೂಡಿದರೆ 2080. ಅದನ್ನು ಎಂಟು ಸಾಲಿಗೆ ಹಂಚಿ ನೋಡಿ.

ಎರಡು ಕರ್ಣಗಳಲ್ಲೂ 260 ಬರಬಹುದೇ? ಇದಕ್ಕೆ ಉತ್ತರ ಸಿಕ್ಕಿದ್ದು 2003ರಲ್ಲಿ. ಕಂಪ್ಯೂಟರ್‌ಗಳು 61 ದಿನಗಳ ಲೆಕ್ಕ ಮುಗಿಸಿದಾಗ, ಸಾಲುಗಳು ಸರಿಹೋಗುವ 140 ಬೇರೆ ಬೇರೆ ವಿನ್ಯಾಸಗಳಿವೆ, ಎರಡೂ ಕರ್ಣಗಳು ಸರಿಹೋಗುವುದು ಒಂದೂ ಇಲ್ಲ ಎಂದು ತಿಳಿಯಿತು.

ಆದರೆ ವಿದ್ಯಾರ್ಥಿ ಮಿತ್ರರೇ, ಎಲ್ಲಕ್ಕೂ ಕಂಪ್ಯೂಟರ್ ಬೇಕಿಲ್ಲ. ಐದು ಸಾಲು, ಐದು ಕಂಬದ 25 ಮನೆಗಳ ಮಣೆಯಲ್ಲಿ ಕುದುರೆ ಎಲ್ಲ ಮನೆ ಸುತ್ತಿ ಹೊರಟಲ್ಲಿಗೇ ಮರಳಬಹುದೇ? ಪ್ರತಿ ಹಾರಿಕೆಗೂ ಮನೆಯ ಬಣ್ಣ ಬದಲಾಗುತ್ತದೆ. ಬಿಳಿಯಿಂದ ಹೊರಟರೆ 25ನೇ ಹಾರಿಕೆಗೆ ಕಪ್ಪಿನಲ್ಲಿರಬೇಕು. ಹಾಗಾಗಿ ಮರಳುವುದು ಅಸಾಧ್ಯ. ಒಂದು ನಡೆಯನ್ನೂ ಆಡದೆ ಉತ್ತರ ಸಿಕ್ಕಿತು!

64 ಮನೆಗಳಲ್ಲಿ ಹೊರಟಲ್ಲಿಗೆ ಮರಳುವ ಸುತ್ತುಗಳೇ 13 ಲಕ್ಷ ಕೋಟಿಗೂ ಮಿಕ್ಕಿವೆ. ಆದರೂ ಕಣ್ಣುಮುಚ್ಚಿ ಹಾರಿಸುತ್ತ ಹೋದರೆ ಒಂದೂ ಸಿಗುವುದು ಕಷ್ಟ. 1823ರಲ್ಲಿ ವಾರ್ನ್ಸ್‌ಡಾರ್ಫ್ ಸರಳ ಸೂತ್ರ ಕೊಟ್ಟರು: ಮುಂದಕ್ಕೆ ದಾರಿ ಅತಿ ಕಡಿಮೆ ಇರುವ ಮನೆಗೆ ಮೊದಲು ಹೋಗಿ. ಇದನ್ನು ಮೊದಲು ಪೆನ್ಸಿಲಿನಲ್ಲಿ ಮಾಡಿ ನೋಡಿ, ಆಮೇಲೆ ಪ್ರೋಗ್ರಾಂ ಬರೆಯಿರಿ. ಎಲ್ಲಿ ಸಿಕ್ಕಿಬೀಳುತ್ತೀರೋ ಅಲ್ಲಿ ನಿಂತು ಯಾಕೆಂದು ಕೇಳಿಕೊಳ್ಳಿ. ಹೆತ್ತವರೇ, ಅಷ್ಟು ಹೊತ್ತು ಅವರನ್ನು ಕರೆಯಬೇಡಿ.