ವಯಸ್ಕ ಹೃದ್ರೋಗಿಗಳ ಅನುಸರಣಾ ತಪಾಸಣೆ: ತಜ್ಞರ ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪಾತ್ರ

ಮಾವಳ್ಳಿ, ವಿಶ್ವೇಶ್ವರಪುರ, ಬಸವನಗುಡಿ, ಚಾಮರಾಜಪೇಟೆ ಹಾಗೂ ಸುತ್ತಲಿನ ಬಡಾವಣೆಗಳ ನಿವಾಸಿಗಳಿಗೆ ಮಾಹಿತಿ

1. ಪೀಠಿಕೆ

ಹೃದಯಾಘಾತಕ್ಕೆ ಚಿಕಿತ್ಸೆ ಪಡೆದ, ಸ್ಟೆಂಟ್ ಅಳವಡಿಸಿಕೊಂಡ, ಬೈಪಾಸ್ ಅಥವಾ ಕವಾಟ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಯ ಚಿಕಿತ್ಸೆಯು ಆಸ್ಪತ್ರೆಯಿಂದ ಬಿಡುಗಡೆಯಾದ ದಿನಕ್ಕೆ ಮುಗಿಯುವುದಿಲ್ಲ. ಅನಂತರದ ವರ್ಷಗಳಲ್ಲಿ ನಡೆಯುವ ನಿಯಮಿತ ತಪಾಸಣೆಗೆ ಅನುಸರಣಾ ತಪಾಸಣೆ ಎಂದು ಹೆಸರು. ಈ ತಪಾಸಣೆಯನ್ನು ಎಲ್ಲಿ ಮಾಡಿಸಿಕೊಳ್ಳಬೇಕೆಂಬ ವಿಷಯದಲ್ಲಿ ಎರಡು ಬಗೆಯ ತಪ್ಪುಗಳು ಕಂಡುಬರುತ್ತವೆ. ಕೆಲವರು ಪ್ರತಿಯೊಂದು ಸಣ್ಣ ತೊಂದರೆಗೂ ನೇರವಾಗಿ ಹೃದ್ರೋಗ ತಜ್ಞರ ಆಸ್ಪತ್ರೆಗೆ ತೆರಳಿ ದಿನವಿಡೀ ಸರದಿಯಲ್ಲಿ ಕಾಯುತ್ತಾರೆ. ಇನ್ನು ಕೆಲವರು ನೋವು ನಿಂತಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿ, ಯಾವ ವೈದ್ಯರನ್ನೂ ಕಾಣದೆ ಉಳಿಯುತ್ತಾರೆ. ಎರಡನೆಯದು ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ. ಮೊದಲನೆಯದರಿಂದ ನಿಜವಾಗಿ ತಜ್ಞರ ಅಗತ್ಯವಿರುವ ರೋಗಿಗೆ ವಿಳಂಬವಾಗುತ್ತದೆ.

2. 2025ರ ಅನುಭವ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಂಭವಿಸಿದವೆಂದು ಹೇಳಲಾದ ಸಾವುಗಳ ಸುದ್ದಿ ಪ್ರಕಟವಾದಾಗ, ಜುಲೈ ತಿಂಗಳಿನಲ್ಲಿ ಬೆಂಗಳೂರು ಹಾಗೂ ಮೈಸೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ಜನರು ಅಸಾಧಾರಣ ಸಂಖ್ಯೆಯಲ್ಲಿ ಧಾವಿಸಿದರು. ಅವರಲ್ಲಿ ಅನೇಕರು ಯಾವುದೇ ರೋಗಲಕ್ಷಣವಿಲ್ಲದವರಾಗಿದ್ದು, ಕೇವಲ ಭಯದಿಂದ ಬಂದವರಾಗಿದ್ದರು. ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು ಸಾವುಗಳನ್ನು ಪರಿಶೀಲಿಸಿ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಂಡುಬಂದಿಲ್ಲವೆಂದು ತಿಳಿಸಿತು. ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ ಮುಂತಾದ ಪರಿಚಿತ ಕಾರಣಗಳತ್ತ ಗಮನ ಸೆಳೆಯಿತು. ಇವುಗಳನ್ನು ಪತ್ತೆಹಚ್ಚಿ ಹತೋಟಿಯಲ್ಲಿಡುವ ಕೆಲಸವು ಮೂಲತಃ ಪ್ರಾಥಮಿಕ ಹಂತದ ವೈದ್ಯರದು.

3. ಎರಡು ಹಂತಗಳ ಕೆಲಸ

ಪ್ರಾಥಮಿಕ ಹಂತವೆಂದರೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, 2022ರ ಡಿಸೆಂಬರ್‌ನಲ್ಲಿ ಆರಂಭಗೊಂಡ ನಮ್ಮ ಕ್ಲಿನಿಕ್ ಅಥವಾ ಕುಟುಂಬ ವೈದ್ಯರು. ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ ಮತ್ತು ತೂಕದ ಅಳತೆ, ಮಾತ್ರೆಗಳ ಮುಂದುವರಿಕೆ, ತಂಬಾಕು ಬಿಡಿಸುವ ಸಲಹೆ, ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ಇವು ಇಲ್ಲಿನ ಕೆಲಸಗಳು. ರೋಗಿಯನ್ನು ಪದೇ ಪದೇ ಕಾಣುವ ವೈದ್ಯರಿಗೆ ಆತನ ಮನೆಯ ಸ್ಥಿತಿ, ಇತರ ಕಾಯಿಲೆಗಳು ಮತ್ತು ತಪ್ಪಿಹೋಗುವ ಮಾತ್ರೆಗಳ ವಿಷಯ ತಿಳಿದಿರುತ್ತದೆ.

ತಜ್ಞರ ಹಂತವೆಂದರೆ ಹೃದ್ರೋಗ ತಜ್ಞರಿರುವ ಆಸ್ಪತ್ರೆ. ಎಕೋ, ಆಂಜಿಯೋಗ್ರಾಂ, ಸ್ಟೆಂಟ್ ಅಳವಡಿಕೆ, ಪೇಸ್‌ಮೇಕರ್ ಪರೀಕ್ಷೆ, ಕವಾಟಗಳ ಸ್ಥಿತಿಯ ನಿರ್ಣಯ ಮತ್ತು ಚಿಕಿತ್ಸೆಯ ಬದಲಾವಣೆ ಇಲ್ಲಿ ನಡೆಯುತ್ತವೆ. ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಜಯದೇವ ಸಂಸ್ಥೆಯು ಮೊದಲು ಮಾವಳ್ಳಿಗೆ ಸಮೀಪದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದ್ದು, ಈಗ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಯ ನಿರ್ವಹಿಸುತ್ತಿದೆ.

ಒಂದು ಹಂತವು ಇನ್ನೊಂದಕ್ಕೆ ಬದಲಿಯಲ್ಲ. ತಜ್ಞರು ಚಿಕಿತ್ಸೆಯ ಯೋಜನೆಯನ್ನು ರೂಪಿಸುತ್ತಾರೆ. ಅದು ದಿನನಿತ್ಯ ನಡೆಯುವಂತೆ ಪ್ರಾಥಮಿಕ ಹಂತದ ವೈದ್ಯರು ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ನೇತೃತ್ವದಲ್ಲಿ ದೇಶದ 14 ಆಸ್ಪತ್ರೆಗಳ 806 ರೋಗಿಗಳನ್ನು ಒಳಗೊಂಡು ನಡೆದು, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯಾಘಾತದ ನಂತರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರ ಸಂಪರ್ಕದಲ್ಲಿದ್ದ ರೋಗಿಗಳು ಮಾತ್ರೆಗಳನ್ನು ಹೆಚ್ಚು ಕ್ರಮವಾಗಿ ಸೇವಿಸಿದ್ದು ಕಂಡುಬಂದಿದೆ.

4. ಸಮೀಪದ ಕೇಂದ್ರದಲ್ಲಿ ಮುಂದುವರಿಸಬಹುದಾದ ಸ್ಥಿತಿಗಳು

ತಜ್ಞರು ಸ್ಥಿತಿಯು ಸ್ಥಿರವಾಗಿದೆಯೆಂದು ತಿಳಿಸಿದ ನಂತರ ಈ ಕೆಳಕಂಡ ರೋಗಿಗಳು ಹೆಚ್ಚಿನ ತಪಾಸಣೆಗಳನ್ನು ಮನೆಯ ಸಮೀಪದಲ್ಲಿಯೇ ಮಾಡಿಸಿಕೊಳ್ಳಬಹುದು.

ಅ) ಹೃದಯಕ್ಕೆ ಹಾನಿಯಾಗದಿರುವ, ಮಾತ್ರೆಗಳಿಂದ ಹತೋಟಿಯಲ್ಲಿರುವ ಅಧಿಕ ರಕ್ತದೊತ್ತಡದ ರೋಗಿಗಳು.

ಆ) ಹೃದಯಾಘಾತ, ಸ್ಟೆಂಟ್ ಅಥವಾ ಬೈಪಾಸ್ ಆಗಿ ಒಂದು ವರ್ಷ ಕಳೆದಿದ್ದು, ಎದೆನೋವು ಅಥವಾ ಉಬ್ಬಸವಿಲ್ಲದೆ ದೈನಂದಿನ ಕೆಲಸ ಮಾಡಿಕೊಂಡಿರುವವರು. ಇಂಥವರು ವರ್ಷಕ್ಕೊಮ್ಮೆ ತಜ್ಞರನ್ನು ಕಂಡರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಇ) ಸಂಧಿವಾತ ಜ್ವರದಿಂದ ಹೃದಯದ ಕವಾಟಕ್ಕೆ ತೊಂದರೆಯಾಗಿ, ಸಾಮಾನ್ಯವಾಗಿ ಮೂರು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಪಡೆಯುತ್ತಿರುವವರು. ಚುಚ್ಚುಮದ್ದನ್ನು ತುರ್ತು ಚಿಕಿತ್ಸೆಯ ಸೌಲಭ್ಯವಿರುವ ಸಮೀಪದ ಸ್ಥಳದಲ್ಲಿ ಪಡೆಯಬಹುದು. ಕವಾಟದ ಎಕೋ ಪರೀಕ್ಷೆಗೆ ಮಾತ್ರ ತಜ್ಞರಲ್ಲಿಗೆ ಹೋಗಬೇಕು.

ಸ್ಟೆಂಟ್ ಅಳವಡಿಸಿಕೊಂಡು ಆರೋಗ್ಯವಾಗಿರುವವರು ಪ್ರತಿ ವರ್ಷ ಟಿ.ಎಂ.ಟಿ. ಮಾಡಿಸಲೇಬೇಕೆಂಬ ನಂಬಿಕೆ ಪ್ರಚಲಿತದಲ್ಲಿದೆ. ದಕ್ಷಿಣ ಕೊರಿಯಾದಲ್ಲಿ ಹೆಚ್ಚಿನ ಅಪಾಯವಿದ್ದ 1,706 ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೆಂಟ್ ಹಾಕಿದ ಒಂದು ವರ್ಷಕ್ಕೆ ಕಡ್ಡಾಯವಾಗಿ ಇಂತಹ ಪರೀಕ್ಷೆ ಮಾಡಿಸಿದವರಿಗೆ, ಲಕ್ಷಣ ಕಂಡಾಗ ಮಾತ್ರ ಪರೀಕ್ಷೆ ಮಾಡಿಸಿದವರಿಗಿಂತ ಎರಡು ವರ್ಷಗಳಲ್ಲಿ ಹೆಚ್ಚಿನ ಪ್ರಯೋಜನವಾಗಲಿಲ್ಲ. ಪರೀಕ್ಷೆಯ ಅಗತ್ಯವನ್ನು ರೋಗಲಕ್ಷಣಗಳ ಆಧಾರದ ಮೇಲೆ ವೈದ್ಯರು ನಿರ್ಧರಿಸುತ್ತಾರೆ.

5. ತಜ್ಞರ ತಪಾಸಣೆ ಅನಿವಾರ್ಯವಾದ ಸ್ಥಿತಿಗಳು

ಅ) ಹೃದಯಾಘಾತ, ಸ್ಟೆಂಟ್ ಅಥವಾ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಒಂದು ವರ್ಷ.

ಆ) ಕೃತಕ ಕವಾಟ ಹೊಂದಿರುವವರು. ಇವರಲ್ಲಿ ಲೋಹದ ಕವಾಟವಿರುವವರು ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಸೇವಿಸಬೇಕು.

ಇ) ಹೃದಯ ವೈಫಲ್ಯದ ರೋಗಿಗಳು, ಅದರಲ್ಲಿಯೂ ಇತ್ತೀಚೆಗೆ ಆಸ್ಪತ್ರೆಗೆ ದಾಖಲಾಗಿದ್ದವರು.

ಈ) ಪೇಸ್‌ಮೇಕರ್ ಮುಂತಾದ ಉಪಕರಣ ಅಳವಡಿಸಿಕೊಂಡವರು.

ಉ) ಹುಟ್ಟಿನಿಂದ ಹೃದಯದ ದೋಷವಿದ್ದು ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾದ ವಯಸ್ಕರು. ಚೆನ್ನಾಗಿದ್ದೇವೆಂದು ಭಾವಿಸಿ ತಪಾಸಣೆ ನಿಲ್ಲಿಸುವ ಸಂಭವ ಇವರಲ್ಲಿ ಹೆಚ್ಚು. ವರ್ಷಗಳ ನಂತರ ಹೃದಯ ಬಡಿತದ ಏರುಪೇರು ಅಥವಾ ಕವಾಟದ ಸೋರಿಕೆ ಕಾಣಿಸಿಕೊಳ್ಳಬಹುದು.

ಊ) ಗರ್ಭ ಧರಿಸಲು ಯೋಚಿಸುತ್ತಿರುವ ಅಥವಾ ಗರ್ಭಿಣಿಯಾಗಿರುವ ಹೃದ್ರೋಗಿ ಮಹಿಳೆಯರು. ಇವರು ಗರ್ಭ ಧರಿಸುವ ಮುನ್ನವೇ ತಜ್ಞರ ಸಲಹೆ ಪಡೆಯುವುದು ಸೂಕ್ತ.

6. ಔಷಧಿಗಳ ವಿಷಯದಲ್ಲಿ ಎಚ್ಚರಿಕೆ

ಹೃದಯಾಘಾತದ ಕಾರಣ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್‌ನಂತಹ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ 12 ತಿಂಗಳ ಕಾಲ ಒಟ್ಟಿಗೆ ನೀಡಲಾಗುತ್ತದೆ. ಅವಧಿಗೆ ಮುಂಚೆ ನಿಲ್ಲಿಸಿದಲ್ಲಿ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗುವ ಅಪಾಯವಿದೆ. ಹಲ್ಲು ಕೀಳಿಸುವ ಮುನ್ನ ಮಾತ್ರೆ ನಿಲ್ಲಿಸುವಂತೆ ಯಾರಾದರೂ ಸೂಚಿಸಿದಲ್ಲಿ, ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು. ಕೃತಕ ಕವಾಟವಿರುವವರು ಹಲ್ಲಿನ ಚಿಕಿತ್ಸೆಗೆ ಮುನ್ನ ದಂತವೈದ್ಯರಿಗೆ ಆ ವಿಷಯವನ್ನು ತಿಳಿಸತಕ್ಕದ್ದು. ಸೋಂಕು ತಡೆಗೆ ಔಷಧಿ ಬೇಕಾಗಬಹುದು.

ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಅನೇಕ ರೋಗಿಗಳಲ್ಲಿ ಇದು 2ರಿಂದ 3ರ ನಡುವೆ ಇರಬೇಕಾಗುತ್ತದೆ. ಕೆಲವು ಕೃತಕ ಕವಾಟಗಳಿಗೆ ಇನ್ನೂ ಹೆಚ್ಚಿರಬೇಕು. ತಮ್ಮ ಗುರಿ ಎಷ್ಟೆಂಬುದನ್ನು ಪುಸ್ತಕದಲ್ಲಿ ಬರೆಸಿಕೊಳ್ಳುವುದು ಸೂಕ್ತ. ಸೊಪ್ಪು ತಿನ್ನುವುದನ್ನು ಬಿಡಬೇಕಾಗಿಲ್ಲ. ಆದರೆ ಒಂದು ವಾರ ಪ್ರತಿದಿನ ಬಸ್ಸಾರು, ಮತ್ತೊಂದು ವಾರ ಸೊಪ್ಪೇ ಇಲ್ಲವೆಂಬಂತೆ ಏರುಪೇರಾಗಬಾರದು.

ಹೃದಯ ವೈಫಲ್ಯದ ರೋಗಿಗಳು ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ ತೂಕ ನೋಡಿಕೊಳ್ಳಬೇಕು. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚಾದಲ್ಲಿ ದೇಹದಲ್ಲಿ ನೀರು ಸೇರುತ್ತಿದೆಯೆಂದು ತಿಳಿದು ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ತಾವಾಗಿಯೇ ನೋವಿನ ಮಾತ್ರೆ ತರುವುದು ಇವರಿಗೆ ಅಪಾಯಕರ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಶಿಫಾರಸು ಮಾಡಿದೆ.

7. ದಾಖಲೆಗಳು

ಎರಡು ಹಂತಗಳ ವೈದ್ಯರ ನಡುವಿನ ಕೊಂಡಿಯೆಂದರೆ ರೋಗಿಯ ಕೈಯಲ್ಲಿರುವ ದಾಖಲೆಗಳು. ಆಸ್ಪತ್ರೆಯಿಂದ ನೀಡಲಾದ ಡಿಸ್ಚಾರ್ಜ್ ಸಮ್ಮರಿ, ಸ್ಟೆಂಟ್ ಅಥವಾ ಪೇಸ್‌ಮೇಕರ್‌ನ ಕಾರ್ಡ್, ಕೊನೆಯ ಇ.ಸಿ.ಜಿ. ಮತ್ತು ಎಕೋ ವರದಿ, ಈಗ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಇವುಗಳನ್ನು ಒಂದೇ ಕಡತದಲ್ಲಿಟ್ಟು ಪ್ರತಿ ಭೇಟಿಗೂ ಕೊಂಡೊಯ್ಯಬೇಕು. ಹಳೆಯ ಇ.ಸಿ.ಜಿ. ಇದ್ದಲ್ಲಿ ಹೊಸ ಬದಲಾವಣೆಯನ್ನು ವೈದ್ಯರು ಬೇಗನೆ ಗುರುತಿಸಬಲ್ಲರು. ಬಿಡುಗಡೆಯ ದಿನ ರೋಗಿಯು ಅಥವಾ ಮನೆಯವರು ಮೂರು ವಿಷಯಗಳನ್ನು ಕೇಳಿ ತಿಳಿಯಬೇಕು: ಯಾವ ಮಾತ್ರೆ ಎಷ್ಟು ಕಾಲ, ಮುಂದಿನ ತಜ್ಞರ ಭೇಟಿ ಯಾವಾಗ, ಅದರ ನಡುವೆ ಯಾರನ್ನು ಕಾಣಬೇಕು.

8. ವೆಚ್ಚ ಮತ್ತು ಶಿಫಾರಸು ಪತ್ರ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಯೋಜಿತ ಉನ್ನತ ಚಿಕಿತ್ಸೆಗಳಿಗೆ ಸರ್ಕಾರಿ ಆರೋಗ್ಯ ಸಂಸ್ಥೆಯ ಶಿಫಾರಸು ಪತ್ರವು ಮುಖ್ಯವಾಗಿರುತ್ತದೆ. ತುರ್ತು ಸಂದರ್ಭದಲ್ಲಿ ಪತ್ರಕ್ಕಾಗಿ ಕಾಯದೆ ಆಸ್ಪತ್ರೆಗೆ ತೆರಳಬೇಕು. ಸ್ಥಿತಿ ಸ್ಥಿರವಾಗಿರುವ ರೋಗಿಯು ಸಮೀಪದ ಕೇಂದ್ರದಲ್ಲಿ ತಪಾಸಣೆ ಮುಂದುವರಿಸಿದಲ್ಲಿ ಒಂದು ದಿನದ ಕೂಲಿಯೂ ಜೊತೆಗೆ ಬರುವವರ ಕೆಲಸವೂ ಉಳಿಯುತ್ತವೆ.

9. ಮಾವಳ್ಳಿಯಿಂದ ಸಂಚಾರ

ನಿಗದಿತ ತಪಾಸಣೆಗೆ ಜಯದೇವ ಆಸ್ಪತ್ರೆಗೆ ತೆರಳುವವರು ನ್ಯಾಷನಲ್ ಕಾಲೇಜು ಅಥವಾ ಲಾಲ್‌ಬಾಗ್ ನಿಲ್ದಾಣದಲ್ಲಿ ಮೆಟ್ರೋ ಹಸಿರು ಮಾರ್ಗದ ರೈಲನ್ನು ಹತ್ತಿ, ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಜಯದೇವ ಆಸ್ಪತ್ರೆ ನಿಲ್ದಾಣದಲ್ಲಿ ಇಳಿಯಬಹುದು. ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಆರಂಭವಾಗಿದೆ.

10. ತುರ್ತು ಸಂದರ್ಭ

ಈ ಕೆಳಕಂಡ ಲಕ್ಷಣಗಳಿದ್ದಲ್ಲಿ ಮೇಲಿನ ಯಾವ ವಿಂಗಡಣೆಯೂ ಅನ್ವಯಿಸುವುದಿಲ್ಲ.

- ಎದೆಯ ಮಧ್ಯದಲ್ಲಿ ಹಿಂಡಿದಂತಹ ನೋವು ಅಥವಾ ಭಾರ. ನೋವು ಎಡತೋಳು, ದವಡೆ ಅಥವಾ ಬೆನ್ನಿಗೆ ಹರಡುವುದು
- ತಣ್ಣನೆಯ ಬೆವರು, ಹಠಾತ್ ಉಸಿರುಕಟ್ಟುವಿಕೆ
- ಪ್ರಜ್ಞೆ ತಪ್ಪುವುದು
- ಮುಖ ಓರೆಯಾಗುವುದು, ಕೈಕಾಲು ಬಲಹೀನವಾಗುವುದು, ಮಾತು ತೊದಲುವುದು

ಮಹಿಳೆಯರು, ವೃದ್ಧರು ಮತ್ತು ಮಧುಮೇಹಿಗಳಲ್ಲಿ ಎದೆನೋವಿಲ್ಲದೆ ಕೇವಲ ಸುಸ್ತು, ವಾಕರಿಕೆ ಅಥವಾ ಹೊಟ್ಟೆಯ ಮೇಲ್ಭಾಗದ ಉರಿ ಇರಬಹುದು. ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು ಕಾಯುವುದು, ರೋಗಿಯೇ ವಾಹನ ಚಾಲನೆ ಮಾಡಿಕೊಂಡು ಹೋಗುವುದು ಸಲ್ಲದು. 2008ರಿಂದ ರಾಜ್ಯದಲ್ಲಿ ಜಾರಿಯಲ್ಲಿರುವ 108 ಆಂಬುಲೆನ್ಸ್ ಸೇವೆಗೆ ಕೂಡಲೇ ಕರೆ ಮಾಡತಕ್ಕದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ಪರಿಶೀಲಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಹಿಂದಿರುವುದೂ ಇದೇ ಕಾರಣ: ಕಳೆದುಹೋದ ಪ್ರತಿ ನಿಮಿಷಕ್ಕೂ ಹೃದಯದ ಸ್ನಾಯು ನಾಶವಾಗುತ್ತದೆ.

11. ಸಾರಾಂಶ

ಸ್ಥಿತಿ ಸ್ಥಿರವಾಗಿರುವಾಗ ಸಮೀಪದ ವೈದ್ಯರು, ನಿಗದಿತ ದಿನದಂದು ಹಾಗೂ ಹೊಸ ಲಕ್ಷಣ ಕಂಡಾಗ ತಜ್ಞರು, ತುರ್ತು ಸಂದರ್ಭದಲ್ಲಿ 108 ಎಂಬುದನ್ನು ಪ್ರತಿಯೊಬ್ಬ ಹೃದ್ರೋಗಿಯೂ ಮನೆಯವರೂ ನೆನಪಿನಲ್ಲಿಡಬೇಕು. ಈ ಪುಟದ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಇದ್ದು, ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಗೆ ಬದಲಿಯಲ್ಲ. ಆರೋಗ್ಯ ಸಂಬಂಧಿತ ಸಲಹೆಗಾಗಿ ಸಾರ್ವಜನಿಕರು 104 ಆರೋಗ್ಯ ಸಹಾಯವಾಣಿಯ ಸೌಲಭ್ಯವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.