ಮೂಡಣದಿಂದ ಬರುವ ಮಳೆ

ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ದೇಶಕ್ಕೆಲ್ಲ ಸೇರಿ ವಾಡಿಕೆಯ ಮಳೆಯಲ್ಲಿ ನೂರಕ್ಕೆ ಇಷ್ಟು ಪಾಲು ಎಂಬ ಒಂದು ಅಂಕಿ. ಪಟ್ಟಣಗಳಲ್ಲಿ ಬೆಳಗಿನ ಕಾಫಿಯೊಡನೆ ಅದನ್ನು ಓದುವ ನಮಗೆ ಸಮಾಧಾನವೋ ಆತಂಕವೋ ಆಗುತ್ತದೆ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತನಿಗೆ ಆ ಅಂಕಿಯಿಂದ ಅರ್ಧ ವಿಷಯವೂ ತಿಳಿಯದು. ಅವನ ಕೆರೆ ತುಂಬಿಸುವ ಮಳೆ ಬಹುಮಟ್ಟಿಗೆ ಮೂಡಣದಿಂದ, ಬಂಗಾಳ ಕೊಲ್ಲಿಯಿಂದ ಬರಬೇಕು.

ನಕ್ಷೆಯನ್ನು ಮುಂದಿಟ್ಟುಕೊಂಡರೆ ಕಾರಣ ಸ್ಪಷ್ಟವಾಗುತ್ತದೆ. ಜೂನ್ ತಿಂಗಳಲ್ಲಿ ಪಡುವಣ ಸಮುದ್ರದಿಂದ ಹೊರಟ ಮೋಡ ಸಹ್ಯಾದ್ರಿಯನ್ನು ಏರುವಾಗಲೇ ತನ್ನ ಸಂಪತ್ತಿನ ಬಹುಪಾಲನ್ನು ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿದ ಮಳೆ. ಪಾವಗಡದಲ್ಲಿ 600 ಆದರೆ ಒಳ್ಳೆಯ ವರ್ಷ. ಮೃಗಶಿರ, ಆರಿದ್ರ ಮಳೆಗಳು ಇಲ್ಲಿ ಗಾಳಿಯಾಗಿ ಬೀಸಿ, ನಾಲ್ಕು ಹನಿ ಉದುರಿಸಿ ಹೋಗುವುದೇ ಹೆಚ್ಚು. ಊರಿನವರು ನಿಜವಾಗಿ ಎಣಿಸುವುದು ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗಳನ್ನು. ಎಂದರೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗಿನ ದಿನಗಳನ್ನು. ಕಡಲೆಕಾಯಿ ಬಲಿಯುವುದು, ರಾಗಿ ತೆನೆ ಕಟ್ಟುವುದು ಆಗಲೇ. ಮದರಾಸು–ನೆಲ್ಲೂರಿನ ನಡುವೆ ಎಲ್ಲಿಯಾದರೂ ಒಂದು ವಾಯುಭಾರ ಕುಸಿತ ದಡ ಹತ್ತಿ ರಾಯಲಸೀಮೆಯ ಕಡೆಗೆ ಸರಿದರೆ, ಅದರ ಕೊನೆಯುಸಿರು ಈ ಬಂಡೆಗಳ ಸೀಮೆಯಲ್ಲಿ ಜಡಿಮಳೆಯಾಗಿ ಇಳಿಯುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾಯುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಕೂಡಿ, ನೆಲ್ಲೂರಿನಾಚೆ ಅದೇ ಕೊಲ್ಲಿಗೆ ಹೋಗಿ ಸೇರುತ್ತದೆ. ತಂದ ಸಾಲವನ್ನು ತಂದ ದಾರಿಯಲ್ಲೇ ಹಿಂದಿರುಗಿಸಿದ ಹಾಗೆ!

ಈ ಮಳೆ ಬಾರದೆ ಹೋದರೆ ಏನಾಗುತ್ತದೆಂಬುದನ್ನು 1876 ತೋರಿಸಿತು. ಅದು ಧಾತು ಸಂವತ್ಸರ. ಪಾವಗಡದ ಕಡೆ ತೆಲುಗು ಮನೆಮಾತಿನವರು ಆ ಕಾಲವನ್ನು ‘ಧಾತ ಕರುವು’ ಎಂದರು. ಹಿಂದಿನ ವರ್ಷವೇ ಫಸಲು ಸೊರಗಿತ್ತು. ಆ ವರ್ಷ ಮುಂಗಾರು ಕೈಕೊಟ್ಟಿತು. ಹಿಂಗಾರಾದರೂ ಬಂದೀತೆಂದು ಜನ ಮೂಡಣದ ದಿಗಂತವನ್ನು ನೋಡುತ್ತ ಕುಳಿತರು. ಕೊಲ್ಲಿಯಲ್ಲಿ ಚಂಡಮಾರುತವೇನೋ ಎದ್ದಿತು. ಆದರೆ ಬಡಗಲಿಗೆ ತಿರುಗಿ, ಅಕ್ಟೋಬರ್ ಕೊನೆಯ ರಾತ್ರಿ ಬಂಗಾಳದ ಬಾಕರ್‌ಗಂಜ್ ಸೀಮೆಯ ಮೇಲೆ ಸಮುದ್ರವನ್ನೇ ಎತ್ತಿ ಹಾಕಿತು. ಅಲ್ಲಿ ಸುಮಾರು ಎರಡು ಲಕ್ಷ ಜನ ಸತ್ತರೆಂದು ಅಂದಾಜು. ಒಂದೇ ಕೊಲ್ಲಿ, ಒಂದೇ ಹಂಗಾಮು. ಅಲ್ಲಿ ನೀರಿನಿಂದ ಸಾವು, ಇಲ್ಲಿ ನೀರಿಲ್ಲದೆ ಸಾವು.

ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಹೊರಗಿನ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರಬಹುದಾಗಿತ್ತು. ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಮದ್ದಗಿರಿಗೆ ಮೂಟೆ ಮುಟ್ಟಿಸುವವರು ಯಾರು? (ಮಧುಗಿರಿಯನ್ನು ಹಳೆಯ ಕಾಗದಪತ್ರಗಳು ಹೀಗೆಯೇ ಕರೆಯುತ್ತವೆ.) ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. 1877ರ ಸೆಪ್ಟೆಂಬರಿನಲ್ಲಿ ಮಳೆಯೇನೋ ಬಂತು. ಉಳಲು ಎತ್ತಿಲ್ಲ, ಬಿತ್ತಲು ಬೀಜವಿಲ್ಲ, ಗಂಜಿ ಕೇಂದ್ರಗಳಿಂದ ಊರಿಗೆ ಹಿಂದಿರುಗುವ ತ್ರಾಣ ಎಷ್ಟೋ ಮಂದಿಗೆ ಇಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ತುಮಕೂರು, ಚಿತ್ರದುರ್ಗ, ಕೋಲಾರ ಸೀಮೆಗಳು ಹೆಚ್ಚು ನೊಂದವು.

ಹವಾಮಾನ ಇಲಾಖೆ ಹುಟ್ಟಿ ಆಗ ಒಂದೇ ವರ್ಷವಾಗಿತ್ತು. 1864ರ ಕಲ್ಕತ್ತೆಯ ಚಂಡಮಾರುತ, ಅನಂತರದ ಮಳೆಯ ಸೋಲುಗಳು, ಇವುಗಳಿಂದ ಎಚ್ಚೆತ್ತ ಸರ್ಕಾರ 1875ರಲ್ಲಿ ಅದನ್ನು ಸ್ಥಾಪಿಸಿ, ಹೆನ್ರಿ ಬ್ಲಾನ್‌ಫರ್ಡ್ ಎಂಬಾತನನ್ನು ಮುಖ್ಯಸ್ಥನಾಗಿ ನೇಮಿಸಿತ್ತು. ಬರದ ಕಾಲದಲ್ಲಿ ವಾಯುಭಾರ ವಾಡಿಕೆಗಿಂತ ಏರಿದ್ದನ್ನು ಆತ ಗಮನಿಸಿದ. ಏರಿಕೆ ಭಾರತದಲ್ಲಿ ಮಾತ್ರವೇ ಎಂದು ಹೊರದೇಶದ ವೀಕ್ಷಣಾಲಯಗಳನ್ನೂ ವಿಚಾರಿಸಿದ. ಅಷ್ಟು ದೂರದ ಆಸ್ಟ್ರೇಲಿಯದಲ್ಲಿಯೂ ಅದೇ ಲಕ್ಷಣ! 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಗುಮಾಸ್ತರ ಪಡೆಯನ್ನೇ ಕೂರಿಸಿ ಪ್ರಪಂಚದ ಅಂಕಿಗಳನ್ನು ತಾಳೆ ಹಾಕಿಸಿದ. ಪೆಸಿಫಿಕ್ ಸಾಗರದಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ ಈ ತೂಗುಯ್ಯಾಲೆಗೆ ‘ದಕ್ಷಿಣದ ಆಂದೋಲನ’ ಎಂದು ಹೆಸರಿಟ್ಟವನು ಅವನೇ. ಪೆರು ದೇಶದ ಬೆಸ್ತರು ‘ಎಲ್ ನಿನೋ’ ಎನ್ನುತ್ತಿದ್ದ ಕಡಲ ಬಿಸಿಗೂ ಈ ಉಯ್ಯಾಲೆಗೂ ಗಂಟು ಹಾಕಿ ವಿವರಿಸಿದವನು ಬ್ಯರ್ಕ್ನೆಸ್, 1960ರ ದಶಕದ ಕೊನೆಗೆ. 1877–78ರಲ್ಲಿ ಅಂಥ ಅತಿ ಪ್ರಬಲ ಎಲ್ ನಿನೋ ಬಂದಿತ್ತೆಂದು ಈಗ ಗೊತ್ತಾಗಿದೆ. ಅದೇ ಕಾಲದಲ್ಲಿ ಚೀನಾ, ಬ್ರೆಜಿಲ್‌ಗಳಲ್ಲಿಯೂ ಜನ ಹಸಿವಿನಿಂದ ಸತ್ತರು.

ಈಗ ಆ ಹೆಸರು ಕೇಳಿದರೆ ಸಾಕು, ನಾವು ಬರವೇ ಬಂದಿತೆಂದು ನಿರ್ಧರಿಸಿಬಿಡುತ್ತೇವೆ. ನನಗೆ ಇದು ಅವಸರದ ತೀರ್ಪೆಂದು ತೋರುತ್ತದೆ. 1997ರ ಎಲ್ ನಿನೋ ಬಹು ದೊಡ್ಡದು. ಆ ವರ್ಷ ದೇಶದ ಮುಂಗಾರು ವಾಡಿಕೆಯಂತೆಯೇ ಆಯಿತು. ಮೇಲಾಗಿ, ಮುಂಗಾರನ್ನು ಕುಗ್ಗಿಸುವ ಈ ಕಡಲ ಬಿಸಿ ದಕ್ಷಿಣ ಪರ್ಯಾಯದ್ವೀಪದ ಹಿಂಗಾರನ್ನು ಎಷ್ಟೋ ಸಲ ಹೆಚ್ಚಿಸುತ್ತದೆ. 2015ರಲ್ಲಿ ಚೆನ್ನೈ ಮುಳುಗಿದ್ದು ಅಂಥ ವರ್ಷದಲ್ಲೇ. ಜೂನಿನಲ್ಲಿ ಕಸಿದುಕೊಂಡದ್ದನ್ನು ಅಕ್ಟೋಬರಿನಲ್ಲಿ ಹಿಂದಕ್ಕೆ ಕೊಟ್ಟರೂ ಕೊಟ್ಟೀತು. ನೆಚ್ಚುವಂತೆಯೂ ಇಲ್ಲ: 2023ರಲ್ಲಿ ಮುಂಗಾರು ಸೋತು, ಕರ್ನಾಟಕದ 200ಕ್ಕೂ ಮೀರಿದ ತಾಲ್ಲೂಕುಗಳು ಬರಪೀಡಿತವೆನಿಸಿದವು, ಹಿಂಗಾರೂ ರಾಜ್ಯದಲ್ಲಿ ಕೊರತೆಯಾಗಿಯೇ ಮುಗಿಯಿತು.

ಪಾವಗಡದಲ್ಲಿ ಮೋಡವಿಲ್ಲದ ಆಕಾಶಕ್ಕೂ ಬೆಲೆ ಬಂದಿದೆ. ತಿರುಮಣಿಯ ಸುತ್ತಿನ 13,000 ಎಕರೆ ಜಮೀನನ್ನು ರೈತರು ಗುತ್ತಿಗೆಗೆ ಕೊಟ್ಟು, 2018ರಿಂದ ಅಲ್ಲಿ ಬಿಸಿಲಿನಿಂದ ವಿದ್ಯುತ್ತು ಬೆಳೆಯುತ್ತಿದೆ. ಉಳಿದ ಹೊಲಗಳಲ್ಲಿ ಹಳೆಯ ಕಾಯುವಿಕೆಯೇ. ಕಾಯುವವನಿಗೆ ಏಪ್ರಿಲಿನ ದೊಡ್ಡ ಅಂಕಿಗಿಂತ ಎರಡು ದಿನ ಮುಂಚಿನ ಸಣ್ಣ ಸುದ್ದಿ ಹೆಚ್ಚು ಬೇಕು. 2021ರ ನವೆಂಬರಿನಲ್ಲಿ ಕೊಲ್ಲಿಯ ವಾಯುಭಾರ ಕುಸಿತವೊಂದು ಪುದುಚೇರಿ–ಚೆನ್ನೈ ನಡುವೆ ದಡ ಹತ್ತಿ ಒಳನಾಡಿಗೆ ನುಗ್ಗಿದಾಗ ಪೆನ್ನೆ ಉಕ್ಕಿ ಹರಿಯಿತು. ಅದೇ ತಿಂಗಳ ಮಳೆಗೆ ನಮ್ಮ ದಕ್ಷಿಣ ಒಳನಾಡಿನಲ್ಲಿ ಕೆರೆಗಳು ಕೋಡಿ ಬಿದ್ದವು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮೊಳೆಯಿತು. ಇಂದು ಗ್ರಾಮ ಪಂಚಾಯಿತಿಗೊಂದು ತಾನಾಗಿ ಅಂಕಿ ಕಳುಹಿಸುವ ಮಳೆಮಾಪಕವಿದೆ, ಚೆನ್ನೈಯಲ್ಲಿ ಚಂಡಮಾರುತವನ್ನು ನೋಡುವ ರಾಡಾರ್ ಇದೆ. ಮಧುಗಿರಿಯ ಒಕ್ಕಲಿಗನಿಗೆ ಅಕ್ಟೋಬರಿನಲ್ಲಿ ಬೇಕಾದದ್ದು ಅಲ್ಲಿಂದ ಹೊರಡುವ ಒಂದು ಮಾತು: ಕಿತ್ತು ಹರವಿದ ಕಡಲೆಕಾಯಿ ಬಳ್ಳಿಯನ್ನು ಇವತ್ತೇ ಬಣವೆ ಹಾಕಬೇಕೋ, ಇನ್ನೆರಡು ದಿನ ಬಿಸಿಲಿಗೆ ಬಿಡಬಹುದೋ ಎಂದು.