ಕಡತದಲ್ಲಿ ಬೌರಿಂಗ್‌ಪೇಟೆ

ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ವಹಿಸಿಕೊಂಡಿತು. ಅದರ ಹಿಂದೆಯೇ ಬ್ರಿಟನ್ನಿನ ಗಣಿಗಾರರು, ಎಂಜಿನಿಯರುಗಳು ಬಂದರು. ಅವರಲ್ಲಿ ಕಾರ್ನ್‌ವಾಲಿನವರು ಅನೇಕರು, ಸ್ಕಾಟರೂ ಇದ್ದರು.

ಅಂಥ ಪೂರ್ವಜರನ್ನು ಇಂದು ಹುಡುಕುವವರಿಗೆ ಮೊದಲ ತೊಡಕು ಊರಿನ ಹೆಸರು. ಹಳೆಯ ಇಂಗ್ಲಿಷ್ ಪತ್ರಗಳಲ್ಲಿ ಬಂಗಾರಪೇಟೆ ‘ಬೌರಿಂಗ್‌ಪೇಟೆ’ಯಾಗಿದೆ. ಅದು ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು.

ಪಾದ್ರಿಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ದಾಖಲೆಯ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ತಂದೆಯ ಹೆಸರು ಸಿಕ್ಕರೆ ಮುಂದಿನ ದಾರಿ ಎಡಿನ್‌ಬರೋದ ದಾಖಲೆ ಕಚೇರಿಗೆ. ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ನೋಂದಣಿ 1855ರಿಂದ ಕಡ್ಡಾಯ. ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆತಾಯಿಯರ ಹೆಸರೂ, ತಾಯಂದಿರ ತವರಿನ ಮನೆತನವೂ ಇರುತ್ತದೆ.

ದಾಖಲೆ ಮುಗಿದಲ್ಲಿ ವಾಡಿಕೆ ನೆರವಿಗೆ ಬರುತ್ತದೆ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ಸ್ಕಾಟರ ಹಳೆಯ ಪದ್ಧತಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮಗೆ ಇದು ಹೊಸದಲ್ಲ. ಆದರೆ ಇದು ಸುಳಿವು ಮಾತ್ರ, ಪುರಾವೆಯಲ್ಲ.

ಲಂಡನ್ನಿನ ಆ ಕಡತಗಳು ಮುಖ್ಯವಾಗಿ ಐರೋಪ್ಯರವು, ಆಂಗ್ಲೋ ಇಂಡಿಯನ್ನರವು. ಗಣಿಯ ಆಳದಲ್ಲಿ ದುಡಿದವರಾದರೋ ಬಹುಪಾಲು ಉತ್ತರ ಆರ್ಕಾಟ್ ಮುಂತಾದ ಜಿಲ್ಲೆಗಳಿಂದ ವಲಸೆ ಬಂದ ಬಡವರು. ಅವರ ವಂಶಾವಳಿ ಹೆಚ್ಚಾಗಿ ಉಳಿದಿರುವುದು ಹಿರಿಯರ ನೆನಪಿನಲ್ಲಿ. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರಿಗೆ ವಯಸ್ಸಾಗುತ್ತಿದೆ. ಕೇಳಿ ಬರೆದಿಡಬೇಕಾದ ಕಾಲ ಇದೇ.